ನಿಲ್ದಾಣದ ವೈಫೈಗೆ ಲ್ಯಾಪ್‌ಟಾಪ್ ಜೋಡಿಸುವ ಮುನ್ನ

ಅರಸೀಕೆರೆಯಲ್ಲಿ ಇಳಿದು ಮುಂದಿನ ರೈಲಿಗೆ ಕಾಯಬೇಕು. ಕಚೇರಿಗೆ ಒಂದು ವರದಿ ತುರ್ತಾಗಿ ಕಳಿಸುವುದಿದೆ, ಮೊಬೈಲ್ ಡೇಟಾ ಮುಗಿಯುತ್ತ ಬಂದಿದೆ. ಆಗ ಕೈಗೆಟಕುವುದು ನಿಲ್ದಾಣದ ಉಚಿತ ವೈಫೈ. ರೈಲ್‌ಟೆಲ್ ಸಂಸ್ಥೆಯ ‘ರೈಲ್‌ವೈರ್’ 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್‌ನಲ್ಲಿ ಶುರುವಾಗಿ, ಈಗ 6,000ಕ್ಕೂ ಹೆಚ್ಚು ನಿಲ್ದಾಣಗಳಲ್ಲಿದೆ. ದಿನಕ್ಕೆ ಮೊದಲ 30 ನಿಮಿಷ ಉಚಿತ. ಅದನ್ನು ಬಳಸಲು ಹೆದರಬೇಕಿಲ್ಲ, ಆದರೆ ಕ್ರಮ ತಿಳಿದಿರಬೇಕು.

ಕೆಲಸ ಮನೆಯಲ್ಲೇ ಶುರುವಾಗುತ್ತದೆ. ಹೊರಡುವ ಹಿಂದಿನ ದಿನ ವಿಂಡೋಸ್ ಮತ್ತು ಬ್ರೌಸರ್ ಅಪ್‌ಡೇಟ್ ಮುಗಿಸಿಕೊಳ್ಳಿ. ದಾರಿಯಲ್ಲಿ ಬೇಕಾಗುವ ಫೈಲುಗಳನ್ನು ಇಳಿಸಿಟ್ಟುಕೊಳ್ಳಿ. ಲ್ಯಾಪ್‌ಟಾಪೇ ಕಳುವಾದರೆ ಒಳಗಿನದು ಯಾರಿಗೂ ಸಿಗದಂತೆ ಡಿಸ್ಕ್ ಎನ್‌ಕ್ರಿಪ್ಷನ್ ಆನ್ ಮಾಡಿ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್ ಇರುತ್ತದೆ. ಅದರ ರಿಕವರಿ ಕೀ ಬರೆದ ಚೀಟಿಯನ್ನು ಲ್ಯಾಪ್‌ಟಾಪ್ ಚೀಲದಲ್ಲೇ ಇಡಬೇಡಿ.

ನಿಲ್ದಾಣದಲ್ಲಿ ವೈಫೈ ಪಟ್ಟಿ ತೆರೆದರೆ ಹಲವು ಹೆಸರು ಕಾಣುತ್ತವೆ. ಇಲ್ಲೇ ನಿಧಾನಿಸಬೇಕು. ವೈಫೈಗೆ ಯಾರು ಬೇಕಾದರೂ ಯಾವ ಹೆಸರನ್ನಾದರೂ ಇಡಬಹುದು. ಪಕ್ಕದ ಬೆಂಚಿನವರ ಮೊಬೈಲ್ ಹಾಟ್‌ಸ್ಪಾಟ್ ಕೂಡ ನಿಲ್ದಾಣದ ಹೆಸರು ಹೊತ್ತಿರಬಹುದು. ಫಲಕದಲ್ಲಿರುವ ಹೆಸರನ್ನು ನೋಡಿ, ಇಲ್ಲವೇ ಕೌಂಟರಿನಲ್ಲಿ ಕೇಳಿ. ಹೋಟೆಲು, ಕೆಫೆಗಳಲ್ಲೂ ಹೀಗೆಯೇ.

ಹೆಸರು ಆರಿಸಿದ ಮೇಲೆ ಲಾಗಿನ್ ಪುಟ ಬರುತ್ತದೆ. ವಿಪಿಎನ್ ಆನ್ ಇದ್ದರೆ ಈ ಪುಟ ತೆರೆಯದೆ ಸತಾಯಿಸಬಹುದು. ಮೊದಲು ಅದನ್ನು ನಿಲ್ಲಿಸಿ, ಲಾಗಿನ್ ಆದೊಡನೆ ಮತ್ತೆ ಹಾಕಿ. ಪುಟ ಕೇಳಬೇಕಾದದ್ದು ಮೊಬೈಲ್ ನಂಬರ್, ಆಮೇಲೆ ಒಟಿಪಿ. ಒಟಿಪಿ ಬಂದಾಗ ಅಂಕಿಗಳನ್ನಷ್ಟೇ ನೋಡದೆ ಎಸ್‌ಎಂಎಸ್ ಪೂರ್ತಿ ಓದಿ. ನಕಲಿ ಪುಟವೊಂದು ನಿಮ್ಮ ನಂಬರ್ ಪಡೆದು ವಾಟ್ಸ್‌ಆ್ಯಪ್‌ನ ಅಥವಾ ಬ್ಯಾಂಕಿನ ಒಟಿಪಿ ತರಿಸಿರಬಹುದು. ಇಮೇಲ್ ಪಾಸ್‌ವರ್ಡ್, ಯುಪಿಐ ಪಿನ್ ಕೇಳಿದರೆ, ಯಾವುದೋ ಆ್ಯಪ್ ಅಥವಾ ಸರ್ಟಿಫಿಕೇಟ್ ಹಾಕಿಕೊಳ್ಳಿ ಎಂದರೆ ತಕ್ಷಣ ವೈಫೈ ಆಫ್ ಮಾಡಿ.

ಸಂಪರ್ಕ ಸಿಕ್ಕಾಗ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಆ ನೆಟ್‌ವರ್ಕ್ ‘ಪಬ್ಲಿಕ್’ ಎಂದಿದೆಯೇ ನೋಡಿ. ಹಾಗಿದ್ದರೆ ಅದೇ ವೈಫೈನಲ್ಲಿರುವ ಉಳಿದವರ ಕಣ್ಣಿಗೆ ನಿಮ್ಮ ಲ್ಯಾಪ್‌ಟಾಪ್ ಬೀಳುವುದಿಲ್ಲ. ಮ್ಯಾಕ್‌ನಲ್ಲಿ ಏರ್‌ಡ್ರಾಪ್ ಮತ್ತು ಫೈಲ್ ಶೇರಿಂಗ್ ಆಫ್ ಇರಲಿ.

2010ರಲ್ಲಿ ‘ಫೈರ್‌ಶೀಪ್’ ಎಂಬ ಚಿಕ್ಕ ಬ್ರೌಸರ್ ಸಾಧನ ಬಂತು. ಪಾಸ್‌ವರ್ಡ್ ಇಲ್ಲದ ವೈಫೈನಲ್ಲಿ ಕುಳಿತವರ ಫೇಸ್‌ಬುಕ್ ಖಾತೆಯೊಳಗೆ ಒಂದೆರಡು ಕ್ಲಿಕ್ಕಿನಲ್ಲಿ ಯಾರು ಬೇಕಾದರೂ ನುಗ್ಗಬಹುದೆಂದು ಅದು ತೋರಿಸಿಕೊಟ್ಟಿತು. ಅಂದಿನ ತಾಣಗಳು ಲಾಗಿನ್ ಆದ ಮೇಲಿನ ಮಾಹಿತಿಯನ್ನು ಗೂಢಲಿಪಿಯಿಲ್ಲದೆ ಕಳಿಸುತ್ತಿದ್ದುದೇ ಕಾರಣ. ಈಗ ಹೆಚ್ಚಿನ ತಾಣಗಳು ಎಚ್‌ಟಿಟಿಪಿಎಸ್ ಬಳಸುತ್ತವೆ, ನಡುವೆ ಕದ್ದು ನೋಡುವವರಿಗೆ ಒಳಗಿನ ವಿಷಯ ಕಾಣದು. ಆದ್ದರಿಂದಲೇ ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂದು ಬ್ರೌಸರ್ ಎಚ್ಚರಿಸಿದರೆ, ‘ಅಡ್ವಾನ್ಸ್ಡ್’ ಒತ್ತಿ ಮುಂದುವರಿಯಲೇಬೇಡಿ. ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಅವಸರದಲ್ಲಿ ಒತ್ತಿದ ಆ ಒಂದು ಗುಂಡಿ ನಿಮಗಿರುವ ರಕ್ಷಣೆಯನ್ನೇ ಕಳಚುತ್ತದೆ.

ಬ್ಯಾಂಕ್ ವ್ಯವಹಾರಕ್ಕೆ ಮಾತ್ರ ನಿಮ್ಮ ಮೊಬೈಲಿನ ಹಾಟ್‌ಸ್ಪಾಟೇ ಇರಲಿ. ದೊಡ್ಡ ಫೈಲುಗಳನ್ನು ನಿಲ್ದಾಣದ ವೈಫೈನಲ್ಲಿ ಕಳಿಸಿ ಡೇಟಾ ಉಳಿಸಿಕೊಂಡಿದ್ದರೆ, ಹಣ ವರ್ಗಾಯಿಸಲು ಅದು ಸುಲಭವಾಗಿ ಸಾಲುತ್ತದೆ. ಹಾಟ್‌ಸ್ಪಾಟ್‌ಗೆ ಗಟ್ಟಿ ಪಾಸ್‌ವರ್ಡ್ ಹಾಕಿ. ಚಹಾ ತರಲು ಎದ್ದರೆ ಲ್ಯಾಪ್‌ಟಾಪನ್ನು ಜೊತೆಗೇ ಒಯ್ಯಿರಿ.

ಕೆಲಸ ಮುಗಿದ ಮೇಲೆ ಆ ವೈಫೈ ಹೆಸರಿಗೆ ‘ಫರ್ಗೆಟ್’ ಕೊಡಿ. ಇಲ್ಲದಿದ್ದರೆ ಅದೇ ಹೆಸರಿನ ನಕಲಿ ನೆಟ್‌ವರ್ಕ್ ಇನ್ನೊಂದು ಊರಿನಲ್ಲಿ ಎದುರಾದಾಗ ಲ್ಯಾಪ್‌ಟಾಪ್ ನಿಮ್ಮನ್ನು ಕೇಳದೆಯೇ ಸೇರಿಕೊಳ್ಳಬಹುದು.

ಇಷ್ಟಾಗಿಯೂ ಖಾತೆಯಿಂದ ಹಣ ಹೋದದ್ದು ಕಂಡರೆ ಊರು ಮುಟ್ಟುವವರೆಗೆ ಕಾಯಬೇಡಿ. ಕೂತಲ್ಲಿಂದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ದೂರು ಕೊಟ್ಟಷ್ಟೂ ಹಣವನ್ನು ನಡುವೆಯೇ ತಡೆಹಿಡಿಯುವ ಅವಕಾಶ ಹೆಚ್ಚು.