ಊರು ದೂರವಾದರೂ ಚಿಕಿತ್ಸೆ ತಪ್ಪದಿರಲಿ



ಈ ಸಲದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಆರೋಗ್ಯದ ಒಂದು ಪಾಠ ಕಲಿಯೋಣ.

ಕೊರೊನಾದಿಂದ ಭಾರತದಲ್ಲಿ ಮೊದಲ ಸಾವು ಆದದ್ದು ನಮ್ಮ ಕಲಬುರಗಿಯಲ್ಲೇ, 2020ರ ಮಾರ್ಚ್ 10ರಂದು. ಮಾರ್ಚ್ 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್. ವಾಡಿ, ಶಹಾಬಾದದಲ್ಲಿ ಪ್ರಯಾಣಿಕರ ರೈಲು ನಿಂತವು. ಗುಂಡಗುರ್ತಿಯಂಥ ಊರುಗಳಿಗೆ ಬಸ್ಸೂ ಇಲ್ಲ. ಆಗ ಕ್ಯಾನ್ಸರ್ ಇದ್ದವರ ಸಂಕಟ ಎಂಥದ್ದು! "ದವಾಖಾನಿಗೆ ಹೋದ್ರ ಕೊರೊನಾ ಹತ್ತತದ, ಹೋಗ್ಲಿಲ್ಲಂದ್ರ ಬ್ಯಾನಿ ಹೆಚ್ಚಾಗತದ" ಅನ್ನುವ ಸ್ಥಿತಿ.

ಅದೇ ಮಾರ್ಚ್ 25ರಂದು ಕೇಂದ್ರ ಸರ್ಕಾರ, ಡಾಕ್ಟರು ಫೋನಿನಲ್ಲಿ ರೋಗಿಯನ್ನು ವಿಚಾರಿಸಲು ನಿಯಮ ಹೊರಡಿಸಿತು. ಏಪ್ರಿಲ್‌ನಲ್ಲಿ ಮನೆಯಿಂದಲೇ ಡಾಕ್ಟರ ಸಲಹೆ ಪಡೆಯುವ ಇ-ಸಂಜೀವನಿ ಉಚಿತ ಸೇವೆ ಶುರುವಾಯಿತು. ಲಾಕ್‌ಡೌನ್ ಮುಗಿದರೂ ಈ ದಾರಿ ಉಳಿದಿದೆ. ಕೂಲಿ ತಪ್ಪುತ್ತದೆ, ಬಸ್ಸಿಗೆ ರೊಕ್ಕ ಇಲ್ಲ ಅಂತ ತಪಾಸಣೆ ಬಿಡುವ ಅಕ್ಕತಂಗಿಯರಿಗೆ ಇದು ಈಗಲೂ ಬೇಕು.

ಫೋನಿನಲ್ಲಿ ಏನು ಆಗುತ್ತದೆ?

ನಿಮ್ಮನ್ನು ಎದುರಿಗೆ ನೋಡಿದ ಡಾಕ್ಟರು, 6 ತಿಂಗಳೊಳಗೆ ಅದೇ ಕಾಯಿಲೆಗೆ ಫೋನಿನಲ್ಲೇ ವಿಚಾರಿಸಿ ಹಳೇ ಗುಳಿಗೆ ಮತ್ತೆ ಬರೆದುಕೊಡಬಹುದು. ರಿಪೋರ್ಟಿನ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಬಹುದು. ಸ್ತನ ಕ್ಯಾನ್ಸರ್‌ಗೆ ಟಾಮಾಕ್ಸಿಫೆನ್ ಗುಳಿಗೆಯನ್ನು ಸಾಮಾನ್ಯವಾಗಿ 5 ವರ್ಷವಾದರೂ ತಗೋಬೇಕು. ಆರಾಮ ಅನಿಸಿದರೂ ಡಾಕ್ಟರನ್ನು ಕೇಳದೆ ಬಿಡಬಾರದು.

ಏನು ಆಗುವುದಿಲ್ಲ?

ಗಂಟು ಮುಟ್ಟಿ ನೋಡುವುದು, ಸ್ಕ್ಯಾನಿಂಗ್, ಕೀಮೋ, ಕರೆಂಟ್ ಕೊಡುವುದು ಫೋನಿನಲ್ಲಿ ಸಾಧ್ಯವಿಲ್ಲ. ವಿಪರೀತ ನೋವಿಗೆ ಕೊಡುವ ಮಾರ್ಫಿನ್ ಗುಳಿಗೆಯನ್ನು ಫೋನಿನ ಮೇಲೆ ಬರೆಯಲು ನಿಯಮ ಬಿಡುವುದಿಲ್ಲ. ಆದ್ದರಿಂದ ಒಂದು ವಾರದ ಗುಳಿಗೆ ಉಳಿದಿರುವಾಗಲೇ ದವಾಖಾನೆಗೆ ಹೊರಡಬೇಕು.

ಯಾವಾಗ ತಡ ಮಾಡಬಾರದು?

ಕೀಮೋ ತಗೊಂಡವರಿಗೆ 100.4 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ ಮನೆಯಲ್ಲೇ ಜ್ವರದ ಗುಳಿಗೆ ನುಂಗಿ ಮಲಗಬಾರದು. ಕೀಮೋದಿಂದ ರಕ್ತದ ಬಿಳಿಕಣ ಕಡಿಮೆಯಾಗಿ, ಸೋಂಕು ಬೇಗ ಏರುತ್ತದೆ. ರಕ್ತಸ್ರಾವ, ಉಸಿರಾಟದ ತೊಂದರೆ, ನೀರೂ ದಕ್ಕದಂಥ ವಾಂತಿ ಇದ್ದರೂ ಅಷ್ಟೇ. ರಾತ್ರಿಯಾದರೂ 108ಕ್ಕೆ ಫೋನ್ ಮಾಡಿ.

ಸಂಘ ಏನು ಮಾಡಬಹುದು?

1. ಎಲ್ಲಾ ಚೀಟಿ, ರಿಪೋರ್ಟು ಒಂದೇ ಫೈಲಿನಲ್ಲಿ, ತಾರೀಖಿನ ಪ್ರಕಾರ ಇಡಲು ಸಹಾಯ ಮಾಡೋಣ.
2. ಫೋನ್ ಇಲ್ಲದವರಿಗೆ ಸಂಘದವರೇ ಒಬ್ಬರು ಫೋನ್ ಕೊಟ್ಟು, ಮಾತಾಡುವಾಗ ಜೊತೆಗಿರೋಣ. ರೋಗಿ ಒಪ್ಪಿದರೆ ಮಾತ್ರ. ಕೇಳಿದ್ದನ್ನು ಓಣಿಯಲ್ಲಿ ಹೇಳಬಾರದು.
3. ಮುಂದಿನ ತಪಾಸಣೆಯ ತಾರೀಖು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದು ನೆನಪು ಮಾಡೋಣ.
4. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೇ ಇದೆ. ಹೋಗುವ ಖರ್ಚಿಗೆ ಸಂಘದಿಂದ ತುರ್ತು ಸಾಲ ಕೊಡುವ ಬಗ್ಗೆ ಠರಾವು ಮಾಡೋಣ.

ಚರ್ಚೆಗೆ: ನಮ್ಮ ಓಣಿಯಲ್ಲಿ ತಪಾಸಣೆ ಬಿಟ್ಟವರು ಯಾರಾದರೂ ಇದ್ದಾರೆಯೇ? ಈ ವಾರ ಅವರ ಮನೆಗೆ ಯಾರು ಹೋಗುತ್ತೀರಿ?