ಹುಟ್ಟಿದ ಯಂತ್ರಕ್ಕೆ ವಿದಾಯ

1991ನೆಯ ಇಸವಿಯ ಜನವರಿ ತಿಂಗಳು. ಫಿನ್‌ಲೆಂಡ್ ದೇಶದ ರಾಜಧಾನಿಯಾದ ಹೆಲ್ಸಿಂಕಿಯಲ್ಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ಎಂಬ ಇಪ್ಪತ್ತೊಂದು ವರ್ಷದ ತರುಣನು ಗಣಕಯಂತ್ರವೊಂದನ್ನು ಕೊಂಡನು. ಅದರ ಹೃದಯಸ್ಥಾನದಲ್ಲಿದ್ದುದು ಇಂಟೆಲ್ ಸಂಸ್ಥೆಯು 1985ರಲ್ಲಿ ಹೊರತಂದಿದ್ದ 80386 ಎಂಬ ಪ್ರೊಸೆಸರ್. ಜನರ ಬಾಯಲ್ಲಿ ಬರಿಯ ‘386’. ಈ ಯಂತ್ರದ ಒಳಗುಟ್ಟನ್ನು ಅರಿಯುವ ಕುತೂಹಲದಿಂದ ಆತನು ಬರೆಯತೊಡಗಿದ ಕ್ರಮವಿಧಿಗಳೇ ಬೆಳೆದು, ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳಾದುವು. ಇದು ಕೇವಲ ಹವ್ಯಾಸವೆಂದೂ ಬೇರೆ ಬಗೆಯ ಯಂತ್ರಗಳಿಗೆ ಒಗ್ಗಲಾರದೆಂದೂ ಅದೇ ಆಗಸ್ಟ್ ತಿಂಗಳಿನಲ್ಲಿ ಅವನೇ ತಿಳಿಸಿದ್ದನು.

ಆದರೆ ಆದುದೇ ಬೇರೆ. ಯಾರು ಬೇಕಾದರೂ ಓದಿ ತಿದ್ದಬಹುದಾದ ಆ ಕ್ರಮವಿಧಿಗೆ ನಾನಾ ದೇಶಗಳ ಜನರು ಕೈಗೂಡಿಸಿದರು. ಕೈಯಲ್ಲಿ ಹಿಡಿಯುವ ದೂರವಾಣಿಯಿಂದ ಮಹಾಗಣಕಗಳವರೆಗೆ ಲಿನಕ್ಸ್ ಹಬ್ಬಿತು. ಒಂದೊಂದು ಯಂತ್ರಕ್ಕೂ ಒಂದೊಂದು ಸ್ವಭಾವ. ಅದಕ್ಕೆ ತಕ್ಕ ಬರಹವೂ ಬೇರೆ. ಹೊಸತು ಸೇರಿದಂತೆಲ್ಲ ಹಳೆಯದನ್ನೂ ಕೆಡದಂತೆ ಕಾಯಬೇಕು. ಇದು ಹೊರಗಿನವರ ಕಣ್ಣಿಗೆ ಬೀಳದ ದುಡಿಮೆ.

386ರ ಕೊರತೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಬಸ್ ನಿಲ್ದಾಣದ ಎರಡು ಕಿಟಕಿಗಳಲ್ಲಿ ಇಬ್ಬರು ಗುಮಾಸ್ತರು ಒಂದೇ ಪುಸ್ತಕವನ್ನು ನೋಡಿ ಆಸನಗಳನ್ನು ಕೊಡುತ್ತಿರುವರೆಂದು ಭಾವಿಸಿರಿ. ಹನ್ನೆರಡನೆಯ ಆಸನ ಖಾಲಿಯೆಂದು ಒಬ್ಬನು ನೋಡಿ, ಹೆಸರು ಬರೆಯುವಷ್ಟರಲ್ಲಿ ಇನ್ನೊಬ್ಬನೂ ಅದನ್ನೇ ನೋಡಿದರೆ ಒಂದು ಆಸನಕ್ಕೆ ಇಬ್ಬರು ಪ್ರಯಾಣಿಕರಾಗುವರು! ನೋಡುವುದೂ ಬರೆಯುವುದೂ ನಡುವೆ ತೆರಪಿಲ್ಲದೆ ಒಂದೇ ಕ್ರಿಯೆಯಾಗಿ ನಡೆಯಬೇಕು. ಇದಕ್ಕೆಂದೇ ಇರುವ ಆದೇಶವೊಂದು 1989ರಲ್ಲಿ ಬಂದ 486ರಲ್ಲಿ ಉಂಟು, 386ರಲ್ಲಿ ಇಲ್ಲ. ‘ಓದಬಹುದು, ಬರೆಯಕೂಡದು’ ಎಂದು ಗುರುತು ಮಾಡಿದ ಸ್ಮೃತಿಯ ಪುಟಗಳ ಮೇಲೆ ವ್ಯವಸ್ಥೆಯ ತಿರುಳೇ ಬರೆಯಹೊರಟರೆ 386 ಅದನ್ನು ತಡೆಯುತ್ತಲೂ ಇರಲಿಲ್ಲ. ಈ ನ್ಯೂನತೆಗಳನ್ನು ತುಂಬಲು ಬಳಸುದಾರಿಯ ಬರಹಗಳು ಬೇಕಾದುವು. ಅನೇಕ ಪ್ರೊಸೆಸರುಗಳು ಜೊತೆಗೂಡಿ ದುಡಿಯುವ ಭಾಗವನ್ನು ತಿದ್ದಹೊರಟಾಗಲೆಲ್ಲ ಅವು ಕಾಲಿಗೆ ತೊಡರುತ್ತಿದ್ದುವು.

ಇಂಟೆಲ್ ಸಂಸ್ಥೆಯು 2007ರಲ್ಲಿ 386ರ ತಯಾರಿಕೆಯನ್ನೇ ನಿಲ್ಲಿಸಿತು. 2012ರ ಡಿಸೆಂಬರಿನಲ್ಲಿ ಇಂಗೊ ಮೊಲ್ನಾರ್ ಎಂಬ ಪ್ರಮುಖ ಸಹೋದ್ಯೋಗಿಯು ಅದಕ್ಕೆ ಸಂಬಂಧಿಸಿದ ಭಾಗವನ್ನು ತೆಗೆದ ಪ್ರತಿಯನ್ನು ಟೊರ್ವಾಲ್ಡ್ಸರ ಮುಂದಿಟ್ಟರು. 1991ರ ನಿಮ್ಮ ಆ ಮೊದಲ ಯಂತ್ರದಲ್ಲಿ ಹೊಸ ಲಿನಕ್ಸ್ ಇನ್ನು ಮೇಲೆ ನಡೆಯದೆಂದು ತುಸು ವಿನೋದದಿಂದ ಎಚ್ಚರಿಸುವುದನ್ನೂ ಮರೆಯಲಿಲ್ಲ. ತಾವು ಭಾವುಕರಲ್ಲವೆಂದೂ ಅದು ತೊಲಗಿದುದೇ ಲೇಸೆಂದೂ ಟೊರ್ವಾಲ್ಡ್ಸ್ ಉತ್ತರವಿತ್ತರು. 2013ರ ಫೆಬ್ರವರಿಯಲ್ಲಿ ಹೊರಬಂದ 3.8ನೆಯ ಆವೃತ್ತಿಯಲ್ಲಿ 386ಕ್ಕೆ ಎಡೆಯಿರಲಿಲ್ಲ.

ಇದು ಕೃತಘ್ನತೆಯಲ್ಲವೆ ಎಂದು ಯಾರಾದರೂ ಕೇಳಬಹುದು. ಹಳೆಯ ಯಂತ್ರವನ್ನು ಇಟ್ಟುಕೊಂಡವನಿಂದ ಯಾರೂ ಏನನ್ನೂ ಕಿತ್ತುಕೊಳ್ಳಲಿಲ್ಲವೆಂಬುದು ನಿಜ. ಹಿಂದಿನ ಆವೃತ್ತಿಗಳು ಈಗಲೂ ದೊರೆಯುತ್ತವೆ. ಅವನ್ನು ತಿದ್ದಿಕೊಳ್ಳುವ ಹಕ್ಕೂ ಎಲ್ಲರಿಗಿದೆ. ಆದರೆ ತಿದ್ದುವ ಜಾಣ್ಮೆ ಎಲ್ಲರಲ್ಲಿಯೂ ಇರುವುದಿಲ್ಲ. ಅಂಥವನ ಪಾಲಿಗೆ, ಮುಂದೆ ಕಂಡುಬರುವ ದೋಷಗಳಿಗೆ ಮದ್ದು ಬರುವುದು ನಿಂತಿತು. ದುಡಿಯುವವರ ಹೊರೆಯನ್ನು ಇಳಿಸಿದುದಕ್ಕೆ ಇಷ್ಟು ಬೆಲೆಯನ್ನು ಆತನು ತೆತ್ತನೆಂಬುದನ್ನು ಅಲ್ಲಗಳೆಯಲಾಗದು.

2025ರಲ್ಲಿ ಮೊಲ್ನಾರ್ ಅವರೇ 486ಕ್ಕೂ ವಿದಾಯ ಹೇಳುವ ಸಲಹೆಯನ್ನು ಮುಂದಿಟ್ಟರು. ಒಂದೇ ಸಲಕ್ಕೆ ಎಂಟು ಬೈಟುಗಳನ್ನು ಹೋಲಿಸಿ ಬದಲಿಸುವ ಆದೇಶವು ಅದರಲ್ಲಿಲ್ಲ ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು.