ಜೀಪಿನ ಹಿಂದಿನ ಕೆಂಪು ದೀಪ ಉರಿಯದಿದ್ದರೆ ಏನು ನೋಡಬೇಕು?



ಈ ಸಲದ ಗೋಡೆ ಪತ್ರಿಕೆಗೆ ವಿಜ್ಞಾನದ ಲೇಖನ ಬರೆಯಬೇಕೆಂದು ಸರ್ ಹೇಳಿದರು. ನಮ್ಮಪ್ಪ ತೋಟದ ಜೀಪು ಓಡಿಸುತ್ತಾರೆ. ಅದಕ್ಕೆ ನಾನು ಜೀಪಿನ ಹಿಂದಿನ ದೀಪಗಳ ಬಗ್ಗೆ ಬರೆದಿದ್ದೇನೆ.

ಕಳೆದ ಜುಲೈ ತಿಂಗಳು. ಜೋರು ಮಳೆ, ಜೊತೆಗೆ ಮಂಜು. ಸಂಜೆ ಗೋಣಿಕೊಪ್ಪದಿಂದ ಪೊನ್ನಂಪೇಟೆಗೆ ಬರ್ತಾ ಇದ್ದೆವು. ನಾನು ಹಿಂದೆ ಅಕ್ಕಿ ಮೂಟೆ ಪಕ್ಕ ಕೂತಿದ್ದೆ. ರಸ್ತೆಗೆ ಅಡ್ಡ ಸಿಲ್ವರ್ ಮರದ ಕೊಂಬೆ ಬಿದ್ದಿತ್ತು. ಅಪ್ಪ ಬ್ರೇಕ್ ಹಾಕಿದರು. ಹಿಂದೆ ಬರುತ್ತಿದ್ದ ಸ್ಕೂಟರಿನವರಿಗೆ ಅದು ಗೊತ್ತಾಗಲಿಲ್ಲ. ತೀರಾ ಹತ್ತಿರ ಬಂದು ಬ್ರೇಕ್ ಹಿಡಿದು ಜಾರಿ ಬಿದ್ದರು. ಮೊಣಕೈ ತರಚಿ ರಕ್ತ ಬಂತು. "ಹಿಂದೆ ಒಂದು ಲೈಟೂ ಇಲ್ವಲ್ಲ ಮಾರಾಯ್ರೆ!" ಅಂತ ಬೈದರು. ಅಪ್ಪ "ಮೊನ್ನೆ ತಾನೇ ಹೊಸ ಬಲ್ಬ್ ಹಾಕಿದ್ದೆ" ಅಂದರು.

ಮಾರನೇ ದಿನ ಗ್ಯಾರೇಜಿನ ಅಣ್ಣ ನೋಡಿ, "ಬಲ್ಬ್ ಸರಿಯಿದೆ, ಅರ್ತ್ ಹೋಗಿದೆ" ಅಂದರು. ನಾನು ಪಕ್ಕದಲ್ಲೇ ನಿಂತು ಎಲ್ಲಾ ಕೇಳಿ ತಿಳಿದುಕೊಂಡೆ.

ಹಿಂದೆ ಎರಡು ಕೆಲಸದ ಕೆಂಪು ದೀಪ ಇರುತ್ತದೆ. ಕತ್ತಲಾದಾಗ ಹೆಡ್‌ಲೈಟಿನ ಜೊತೆ ಉರಿಯುವುದು ಟೈಲ್ ಲೈಟ್. ಬ್ರೇಕ್ ಒತ್ತಿದಾಗ ಮಾತ್ರ ಉರಿಯುವುದು ಬ್ರೇಕ್ ಲೈಟ್. ಹೆಚ್ಚಿನ ಹಳೆ ಗಾಡಿಗಳಲ್ಲಿ ಎರಡಕ್ಕೂ ಒಂದೇ ಬಲ್ಬ್. ಅದರೊಳಗೆ ಎರಡು ತಂತಿ ಇವೆ. 5 ವ್ಯಾಟಿನದು ಟೈಲ್ ಲೈಟಿಗೆ, 21 ವ್ಯಾಟಿನದು ಬ್ರೇಕ್ ಲೈಟಿಗೆ. ಆದ್ದರಿಂದ ಬ್ರೇಕ್ ಒತ್ತಿದಾಗ ಬೆಳಕು ಜಾಸ್ತಿಯಾಗುತ್ತದೆ.

ವಿದ್ಯುತ್ ಪಾಠದಲ್ಲಿ ಮಂಡಲ ಪೂರ್ಣವಾದರೆ ಮಾತ್ರ ಬಲ್ಬ್ ಉರಿಯುತ್ತದೆ ಎಂದು ಓದಿದ್ದೇವೆ. ಇಲ್ಲೂ ಹಾಗೆಯೇ. 12 ವೋಲ್ಟ್ ಬ್ಯಾಟರಿಯಿಂದ ಕರೆಂಟು ಫ್ಯೂಸಿಗೆ, ಅಲ್ಲಿಂದ ಸ್ವಿಚ್ಚಿಗೆ, ಆಮೇಲೆ ಬಲ್ಬಿಗೆ ಹೋಗುತ್ತದೆ. ವಾಪಸ್ಸು ಬರಲು ಬೇರೆ ಉದ್ದ ತಂತಿ ಇರುವುದಿಲ್ಲ. ಗಾಡಿಯ ಕಬ್ಬಿಣದ ಮೈಯೇ ದಾರಿ. ಅದಕ್ಕೇ ಮೆಕ್ಯಾನಿಕ್‌ಗಳು ಅರ್ತ್ ಅನ್ನುತ್ತಾರೆ. ನಮ್ಮ ಕೊಡಗಿನ ಮಳೆಗೆ ಅಲ್ಲಿ ತುಕ್ಕು ಹಿಡಿಯುತ್ತದೆ.

ಪರೀಕ್ಷೆ ಮಾಡುವ ವಿಧಾನ:

ಗಾಡಿಯನ್ನು ಸಮ ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಬೇಕು. ಒಬ್ಬರು ಬ್ರೇಕ್ ಒತ್ತಬೇಕು, ಇನ್ನೊಬ್ಬರು ಹಿಂದೆ ಸ್ವಲ್ಪ ದೂರದಲ್ಲಿ ನಿಂತು ನೋಡಬೇಕು. ಒಬ್ಬರೇ ಇದ್ದರೆ ಕತ್ತಲಾಗುವಾಗ ಗೋಡೆಗೆ ಬೆನ್ನು ಮಾಡಿ ಗಾಡಿ ನಿಲ್ಲಿಸಿದರೆ ಗೋಡೆಯ ಮೇಲೆ ಕೆಂಪು ಬೆಳಕು ಕಾಣುತ್ತದೆ.

1. ಮೊದಲು ಗಾಜಿನ ಮೇಲಿನ ಕೆಸರು ಒರೆಸಿ. ಕೆಲವು ಸಲ ಅಷ್ಟೇ ಸಾಕು.

2. ಒಂದು ಕಡೆ ಮಾತ್ರ ಉರಿಯದಿದ್ದರೆ ಮೊದಲು ಆ ಕಡೆಯ ಬಲ್ಬನ್ನೇ ನೋಡಿ. ಬಿಚ್ಚುವ ಮೊದಲು ಸ್ವಿಚ್ ಆಫ್ ಮಾಡಿ, ಬಲ್ಬ್ ಆರಲು ಬಿಡಿ. ಒಳಗಿನ ತಂತಿ ತುಂಡಾಗಿದ್ದರೆ ಬದಲಿಸಿ.

3. ಬಲ್ಬ್ ಸರಿಯಿದ್ದೂ ಉರಿಯದಿದ್ದರೆ ಅಥವಾ ಮಿಣಮಿಣ ಅಂದರೆ, ಹೋಲ್ಡರಿನ ಹೊರಗಿನ ಲೋಹದಿಂದ ಗಾಡಿಯ ತುಕ್ಕಿಲ್ಲದ ಜಾಗಕ್ಕೆ ಒಂದು ತಂತಿ ಮುಟ್ಟಿಸಿ. ಆಗ ಚೆನ್ನಾಗಿ ಉರಿದರೆ ಅರ್ತ್ ಹೋಗಿದೆ ಎಂದರ್ಥ. ತುಕ್ಕನ್ನು ಮರಳು ಕಾಗದದಿಂದ ಉಜ್ಜಿ ಸ್ಕ್ರೂ ಬಿಗಿ ಮಾಡಬೇಕು. ನಮ್ಮ ಜೀಪಿನ ಎರಡೂ ಕಡೆ ಆಗಿದ್ದು ಇದೇ.

4. ಟೈಲ್ ಲೈಟ್ ಸರಿಯಿದ್ದು ಎರಡೂ ಬ್ರೇಕ್ ಲೈಟ್ ಇಲ್ಲದಿದ್ದರೆ ಫ್ಯೂಸ್ ಮತ್ತು ಬ್ರೇಕ್ ಸ್ವಿಚ್ ನೋಡಿ. ಸ್ವಿಚ್ ಸಾಮಾನ್ಯವಾಗಿ ಪೆಡಲಿನ ಹತ್ತಿರ ಇರುತ್ತದೆ.

5. ಕಾಲು ತೆಗೆದರೂ ಬ್ರೇಕ್ ಲೈಟ್ ಆರದಿದ್ದರೆ ಸ್ವಿಚ್ ಸಿಕ್ಕಿಕೊಂಡಿರಬಹುದು. ಹಾಗೇ ಬಿಟ್ಟರೆ ಬೆಳಿಗ್ಗೆಯೊಳಗೆ ಬ್ಯಾಟರಿ ಖಾಲಿ.

6. ಫ್ಯೂಸ್ ಮತ್ತೆ ಮತ್ತೆ ಹೋದರೆ ಎಲ್ಲೋ ತಂತಿಯ ಸಿಪ್ಪೆ ಸವೆದು ಕಬ್ಬಿಣಕ್ಕೆ ತಾಗುತ್ತಿದೆ. ಫ್ಯೂಸ್ ಬದಲು ದಪ್ಪ ತಂತಿ ಸುತ್ತಲೇಬಾರದು. ಬೆಂಕಿ ಹತ್ತಬಹುದು.

ಈಗಿನ ಕೆಲವು ಕಾರುಗಳಲ್ಲಿ ಎಲ್.ಇ.ಡಿ. ದೀಪ ಇವೆ. ಅವನ್ನು ಹೀಗೆ ಬಿಚ್ಚಲು ಆಗುವುದಿಲ್ಲ. ಇದನ್ನೆಲ್ಲಾ ನಾವು ಮಕ್ಕಳು ಒಬ್ಬರೇ ಮಾಡಬಾರದು. ದೊಡ್ಡವರ ಜೊತೆ ಮಾತ್ರ ಮಾಡಬೇಕು.

ಹಿಂದೆ ಕೆಂಪು ದೀಪ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೂ ಇದೆ. ಆದರೆ ಹೆಡ್‌ಲೈಟ್ ಹೋದರೆ ಡ್ರೈವರಿಗೆ ತಕ್ಷಣ ಗೊತ್ತಾಗುತ್ತದೆ, ಹಿಂದಿನ ದೀಪ ಹೋದರೆ ಗೊತ್ತಾಗುವುದಿಲ್ಲ. ಅದು ಕಾಣುವುದು ಹಿಂದೆ ಇರುವವರಿಗೆ ಮಾತ್ರ.

ಒಂದು ವಿಷಯ ಹೇಳಬೇಕು. ಆ ಸಂಜೆ ಹಿಂದೆ ಕೂತಿದ್ದವನು ನಾನೇ. ದಿನಾ ರಸ್ತೆ ಮೇಲೆ ಬೀಳುವ ಕೆಂಪು ಬೆಳಕು ಅವತ್ತು ಬೀಳುತ್ತಿರಲಿಲ್ಲ. ನಾನು ನೋಡಿದ್ದೆ. ಅಪ್ಪನಿಗೆ ಹೇಳಲಿಲ್ಲ. ಹೇಳಿದ್ದರೆ ಆ ಸ್ಕೂಟರಿನವರು ಬೀಳ್ತಿರಲಿಲ್ಲವೇನೋ. ಈಗ ದಿನಾ ಜೀಪು ಹೊರಡುವ ಮೊದಲು ಹಿಂದೆ ನಿಂತು "ಎರಡೂ ಉರೀತಾ ಇದೆ ಅಪ್ಪ" ಅಂತ ಕೂಗುತ್ತೇನೆ.

ಸ್ನೇಹಿತರೇ, ನಮ್ಮಲ್ಲಿ ತುಂಬಾ ಜನ ಜೀಪು, ಪಿಕಪ್, ಆಟೋದಲ್ಲಿ ಶಾಲೆಗೆ ಬರುತ್ತೇವೆ. ಇಳಿದ ಮೇಲೆ ಒಮ್ಮೆ ಹಿಂದೆ ತಿರುಗಿ ನೋಡಿ. ದೀಪ ಇಲ್ಲದಿದ್ದರೆ ಡ್ರೈವರಿಗೆ ಹೇಳಿ. ಬೈದರೂ ಪರವಾಗಿಲ್ಲ, ಹೇಳಿ.

ಇಂತಿ ನಿಮ್ಮ ಗೆಳೆಯ,
7ನೇ ತರಗತಿ